ಕೀಲಿಯ ಉದ್ದವೊಂದನ್ನೇ ನೋಡಿದರೆ ಸಾಲದು

ಮಾನ್ಯ ಸಂಪಾದಕರೆ,

ದತ್ತಾಂಶ ಸುರಕ್ಷತೆ ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ಲೇಖನದಲ್ಲಿ, 256 ಬಿಟ್‌ಗಳ ಕೀಲಿಯಿರುವ ಎಇಎಸ್ (ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸುವ ಒಂದು ಪ್ರಮಾಣಿತ ಸೈಫರ್, ಅಂದರೆ ಗೂಢಲೇಖನ ಸೂತ್ರ) ಬಳಸಿದರೆ ಮಾಹಿತಿಯನ್ನು ಯಾರೂ ಭೇದಿಸಲಾರರು ಎಂಬ ಮಾತಿದೆ. ಎಇಎಸ್ ಗಟ್ಟಿ ಎಂಬುದರಲ್ಲಿ ನನಗೆ ತಕರಾರಿಲ್ಲ. ಅದನ್ನು ಯಾವ ವಿಧಾನದಲ್ಲಿ ಬಳಸಲಾಗಿದೆ ಎಂಬ ಪ್ರಶ್ನೆಯನ್ನೇ ಲೇಖನ ಎತ್ತದಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಎಇಎಸ್ ಒಂದು ಸಲಕ್ಕೆ 16 ಬೈಟ್‌ಗಳ ಒಂದು ತುಂಡನ್ನು ಮಾತ್ರ ಗೂಢಲಿಪಿಗೆ ತಿರುಗಿಸುತ್ತದೆ. ತುಂಡುಗಳನ್ನು ಬಿಡಿಬಿಡಿಯಾಗಿ ಮುಚ್ಚುತ್ತಾ ಹೋದರೆ, ಒಂದೇ ಬಗೆಯ ತುಂಡುಗಳು ಒಂದೇ ಬಗೆಯ ಗೂಢಪಠ್ಯವಾಗಿ ಹೊರಬಂದು ಮೂಲದ ವಿನ್ಯಾಸವೇ ಬಯಲಾಗುತ್ತದೆ. ಇದಕ್ಕೆ ಪರಿಹಾರವಾಗಿ, ಎಇಎಸ್ ಹುಟ್ಟುವುದಕ್ಕೂ ಮೊದಲು, ಅದರ ಹಿಂದಿನ ಸೈಫರ್ ಆದ ಡಿಇಎಸ್‌ಗೆಂದು ಅಮೆರಿಕ 1980ರಲ್ಲಿ ಪ್ರಕಟಿಸಿದ ಮಾನಕದಲ್ಲೇ ಸೈಫರ್ ಫೀಡ್‌ಬ್ಯಾಕ್, ಅಂದರೆ ಸಿಎಫ್‌ಬಿ ವಿಧಾನವಿತ್ತು. ಇದರಲ್ಲಿ ಸೈಫರ್ ಮೂಲಪಠ್ಯವನ್ನು ನೇರವಾಗಿ ಮುಟ್ಟುವುದೇ ಇಲ್ಲ. ಹಿಂದಿನ ತುಂಡಿನ ಗೂಢಪಠ್ಯವನ್ನು ಸೈಫರಿಗೆ ಊಡಿಸಿ, ಬಂದ ಫಲವನ್ನು ಈಗಿನ ತುಂಡಿನೊಡನೆ ಎಕ್ಸ್‌ಆರ್ ಮಾಡಲಾಗುತ್ತದೆ. ಅಂದರೆ ಎರಡು ಬಿಟ್‌ಗಳು ಬೇರೆಯಾಗಿದ್ದರೆ 1, ಒಂದೇ ಆಗಿದ್ದರೆ 0. ಅದೇ ಫಲದೊಡನೆ ಎರಡನೆಯ ಸಲ ಎಕ್ಸ್‌ಆರ್ ಮಾಡಿದರೆ ಮೂಲಪಠ್ಯ ಮರಳುವುದರಿಂದ, ಬಿಚ್ಚುವಾಗಲೂ ಸೈಫರನ್ನು ಮುಚ್ಚುವ ದಿಕ್ಕಿನಲ್ಲೇ ಓಡಿಸಿದರೆ ಸಾಕು. (ನನ್ನ ವಿದ್ಯಾರ್ಥಿಗಳು ಇದನ್ನು ಕಾಗದದ ಮೇಲೆ ಮಾಡಿ ನೋಡುವವರೆಗೂ ನಂಬುತ್ತಿರಲಿಲ್ಲ.) ಮೊದಲ ತುಂಡಿಗೆ ಹಿಂದಿನದೊಂದು ಇಲ್ಲದ ಕಾರಣ ಆ ಜಾಗದಲ್ಲಿ ಆರಂಭಿಕ ಮೌಲ್ಯವನ್ನು ಇಡಬೇಕು. ಅದು ಗುಟ್ಟಾಗಿರಬೇಕಿಲ್ಲ, ಆದರೆ ಪ್ರತಿ ಸಲವೂ ಹೊಸದಾಗಿ, ಯಾರೂ ಮುಂಚಿತವಾಗಿ ಊಹಿಸಲಾಗದಂತೆ ಇರಬೇಕು.

ಈ ನಿಯಮ ಮೀರಿದರೆ ಏನಾಗುತ್ತದೆ ಎಂಬುದನ್ನು 2020ರಲ್ಲಿ ಬಯಲಾದ ‘ಝೀರೋಲಾಗಾನ್’ ದೋಷ ತೋರಿಸಿತು. ಸಂಸ್ಥೆಯ ಜಾಲದಲ್ಲಿ ಗಣಕಗಳ ಗುರುತನ್ನು ಖಚಿತಪಡಿಸುವ, ಮೈಕ್ರೋಸಾಫ್ಟ್‌ನ ನೆಟ್‌ಲಾಗಾನ್ ವ್ಯವಸ್ಥೆ ಎಇಎಸ್ ಅನ್ನೇ ಬಳಸುತ್ತಿತ್ತು, ಒಂದೊಂದೇ ಬೈಟ್ ಮುಂದೆ ಸರಿಯುವ ಸಿಎಫ್‌ಬಿ-8 ರೂಪದಲ್ಲಿ. ಆದರೆ ಆರಂಭಿಕ ಮೌಲ್ಯ ಸದಾ 16 ಸೊನ್ನೆ ಬೈಟ್‌ಗಳಾಗಿತ್ತು. ಆ ಸೊನ್ನೆಗಳನ್ನು ಸೈಫರಿಗೆ ಕೊಟ್ಟಾಗ ಹೊರಬರುವ ಮೊದಲ ಬೈಟ್ ಕೂಡ ಸೊನ್ನೆಯಾಗುವ ಸಂಭವ 256ರಲ್ಲಿ ಒಂದು. ಹಾಗಾದಾಗ ಮೂಲಪಠ್ಯವೂ ಸೊನ್ನೆಗಳೇ ಆಗಿದ್ದರೆ ಗೂಢಪಠ್ಯವೂ ಸೊನ್ನೆ. ಅದನ್ನೇ ಮರಳಿ ಊಡಿಸಿದಾಗ ಮತ್ತೆ ಅವೇ 16 ಸೊನ್ನೆಗಳು, ಮತ್ತೆ ಅದೇ ಫಲ, ಕೊನೆಯ ಬೈಟಿನವರೆಗೂ. ಪ್ರತಿ ಯತ್ನಕ್ಕೂ ಸೆಷನ್ ಕೀಲಿ (ಆ ಒಂದು ಸಂಪರ್ಕಕ್ಕಷ್ಟೇ ಬಳಸುವ ಕೀಲಿ) ಬದಲಾಗುತ್ತಿದ್ದುದರಿಂದ, ಕೀಲಿಯನ್ನೇ ಅರಿಯದ ದಾಳಿಕೋರನೊಬ್ಬ ಬರೀ ಸೊನ್ನೆಗಳನ್ನು ಕಳುಹಿಸುತ್ತಾ ಸರಾಸರಿ 256 ಯತ್ನಗಳಲ್ಲಿ, ಕೆಲವೇ ಸೆಕೆಂಡುಗಳಲ್ಲಿ, ಒಳಹೊಕ್ಕು ಇಡೀ ಜಾಲದ ಪ್ರವೇಶವನ್ನು ನಿಯಂತ್ರಿಸುವ ಡೊಮೇನ್ ಕಂಟ್ರೋಲರ್ ಎಂಬ ಗಣಕದ ಪಾಸ್‌ವರ್ಡನ್ನೇ ಖಾಲಿ ಮಾಡಬಹುದಿತ್ತು. ಇಡೀ ಪ್ರಕರಣದಲ್ಲಿ ಎಇಎಸ್‌ಗೆ ಒಂದು ಗೀರೂ ಬೀಳಲಿಲ್ಲ.

ಇನ್ನೊಂದು ಮಾತು. ಸಿಎಫ್‌ಬಿಯಲ್ಲಿ ಗೂಢಪಠ್ಯದ ಒಂದು ಬಿಟ್ ತಿರುಚಿದರೆ ಮೂಲಪಠ್ಯದಲ್ಲಿ ಅದೇ ಬಿಟ್ ತಿರುಗುತ್ತದೆ, ಅದರ ಮುಂದಿನ ತುಂಡು ಕಲಸಿಹೋಗುತ್ತದೆ. ಯಾರೋ ಕೈಯಾಡಿಸಿದ್ದಾರೆ ಎಂದು ವಿಧಾನ ತಾನಾಗಿ ಹೇಳುವುದಿಲ್ಲ. ಆದ್ದರಿಂದ ಯಾವುದೇ ಸಂಸ್ಥೆ ‘256 ಬಿಟ್ ಭದ್ರತೆ’ ಎಂದು ಪ್ರಕಟಣೆ ಕೊಟ್ಟಾಗ, ವಿಧಾನ ಯಾವುದು, ಆರಂಭಿಕ ಮೌಲ್ಯ ಎಲ್ಲಿಂದ ಬರುತ್ತದೆ, ತಿದ್ದುವಿಕೆಯನ್ನು ಪತ್ತೆ ಮಾಡುವ ಏರ್ಪಾಡು ಏನಿದೆ ಎಂದು ತಮ್ಮ ವರದಿಗಾರರು ಕೇಳಬೇಕೆಂದು ವಿನಂತಿ.

— ಗಣಕ ವಿಜ್ಞಾನದ ನಿವೃತ್ತ ಅಧ್ಯಾಪಕ, ಧಾರವಾಡ