ಸಾಲದ ಆ್ಯಪ್‌ಗೆ ನೆಂಟರ ನಂಬರ್ ಏಕೆ?

ಮಾನ್ಯರೇ,

ಕಂತು ತಪ್ಪಿದವರ ನೆಂಟರಿಷ್ಟರಿಗೆಲ್ಲ ಕರೆ ಮಾಡಿ ಮಾನ ಹರಾಜು ಹಾಕುವುದು ಕೆಲವು ಸಾಲದ ಆ್ಯಪ್‌ಗಳ ವಸೂಲಿ ವಿದ್ಯೆ. ಆ್ಯಪ್ ಹಾಕಿಕೊಳ್ಳುವಾಗ ಅವಸರದಲ್ಲಿ ‘ಅನುಮತಿಸಿ’ ಒತ್ತಿದ್ದೇ ಸಾಕು, ಇಡೀ ಸಂಪರ್ಕ ಪಟ್ಟಿ ಅವರ ಪಾಲಾಗಿರುತ್ತದೆ. ಸಾಲಗಾರ ಒಪ್ಪಿದ ಎನ್ನೋಣ. ಆ ಪಟ್ಟಿಯಲ್ಲಿರುವ ಸೋದರತ್ತೆ, ಹಳೆಯ ಮೇಷ್ಟ್ರು ಒಪ್ಪಿದ್ದು ಯಾವಾಗ?

ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲೇ ಹೊರಡಿಸಿದ ಮಾರ್ಗಸೂಚಿಯಂತೆ ಸಾಲದ ಆ್ಯಪ್‌ಗಳು ಸಂಪರ್ಕ ಪಟ್ಟಿ, ಕರೆಗಳ ವಿವರ, ಫೋಟೊಗಳನ್ನು ಮುಟ್ಟುವಂತಿಲ್ಲ. ಗುರುತು ಪರಿಶೀಲನೆಗೆ ಕ್ಯಾಮೆರಾ, ಮೈಕ್, ಸ್ಥಳದ ಮಾಹಿತಿಯನ್ನು ಒಮ್ಮೆ ಮಾತ್ರ, ಸ್ಪಷ್ಟ ಒಪ್ಪಿಗೆ ಪಡೆದು ಬಳಸಬಹುದು. ಸೇವೆಗೆ ಬೇಕಿಲ್ಲದ ಮಾಹಿತಿಗೆ ಕೊಟ್ಟ ಒಪ್ಪಿಗೆ ಲೆಕ್ಕಕ್ಕಿಲ್ಲ ಎನ್ನುತ್ತದೆ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ. ವೈದ್ಯಕೀಯ ಸಲಹೆಯ ಆ್ಯಪ್ ಸಂಪರ್ಕ ಪಟ್ಟಿ ಕೇಳುವುದನ್ನೇ ಅದು ಉದಾಹರಣೆಯಾಗಿ ಕೊಟ್ಟಿದೆ. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಪ್ರಕರಣದ ಅರ್ಜಿದಾರರು ನಮ್ಮ ರಾಜ್ಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದೂ ನೆನಪಿರಲಿ.

ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯಾವ ಆ್ಯಪ್‌ಗೆ ಏನೇನು ಅನುಮತಿ ಇದೆಯೆಂದು ನೋಡಿ, ಬೇಡದ್ದನ್ನು ರದ್ದು ಮಾಡಬಹುದು. ಆದರೆ ಒಮ್ಮೆ ನಕಲಾಗಿ ಹೋದ ಪಟ್ಟಿ ಅದರಿಂದ ವಾಪಸು ಬರುವುದಿಲ್ಲ. ವಾಟ್ಸ್‌ಆ್ಯಪ್ ಲಿಂಕ್ ಮೂಲಕ ಬರುವ, ಯಾವ ಬ್ಯಾಂಕಿಗೂ ಸೇರದ ಆ್ಯಪ್‌ಗಳಿಗೆ ಮಾರ್ಗಸೂಚಿಯ ಅಂಜಿಕೆಯೂ ಇಲ್ಲ. ಸಾಲ ಪಡೆಯದಿದ್ದರೂ ಬೈಗುಳ ಕೇಳಬೇಕಾದ ನೆಂಟರ ದೂರನ್ನೂ ಸೈಬರ್ ಪೊಲೀಸರು ಪ್ರತ್ಯೇಕವಾಗಿ ದಾಖಲಿಸಿಕೊಳ್ಳಲಿ. ‘ಸಾಲಗಾರರನ್ನೇ ಕರೆತನ್ನಿ’ ಎಂದು ವಾಪಸು ಕಳುಹಿಸಬಾರದು.

– ಓದುಗ, ತಿಪಟೂರು