ಮಂಡಕ್ಕಿ-ಮೆಣಸಿನಕಾಯಿ ಗಾಡಿಯಿಂದ ಊರಿನ ಅಂದ ಕೆಡುತ್ತದೆಯೇ?

ಮಾನ್ಯ ಸಂಪಾದಕರೇ,

ಸಂಜೆ ಹೊತ್ತು ರಸ್ತೆ ಬದಿ ನಿಲ್ಲುವ ಮಂಡಕ್ಕಿ-ಮೆಣಸಿನಕಾಯಿ ಗಾಡಿಗಳಿಂದ ದಾವಣಗೆರೆಯ ಅಂದ ಕೆಡುತ್ತಿದೆ, ಹೊರಗಿನವರ ಮುಂದೆ ನಾಚಿಕೆಯಾಗುತ್ತದೆ ಎಂದು ಓದುಗರೊಬ್ಬರು ನಿಮ್ಮ ಪತ್ರಿಕೆಗೆ ಬರೆದಿದ್ದರು. ಈಚೆಗೆ ನಾನೇ ಹೊರಗಿನವಳಾಗಿ ಒಂದು ಊರು ನೋಡಿ ಬಂದೆ. ಅದಕ್ಕೇ ಈ ಪತ್ರ.

ನನ್ನ ಅಳಿಯ ಪ್ರವಾಸಿ ಹಡಗಿನ ಅಡುಗೆಮನೆಯಲ್ಲಿ ಕೆಲಸದಲ್ಲಿದ್ದಾರೆ. ಅವರ ದೆಸೆಯಿಂದ ಮಗಳ ಜೊತೆ ನಾನೂ ಹಡಗು ಹತ್ತಿದೆ. ಸಮುದ್ರದ ಬಗ್ಗೆ ಹೇಳುವಂಥದ್ದೇನಿಲ್ಲ. ಎತ್ತ ನೋಡಿದರೂ ನೀರು. ಬ್ರೆಜಿಲ್‌ನ ಸಾಲ್ವಡಾರ್ ಬಂದರಿನಲ್ಲಿ ಬೆಳಗ್ಗೆ ಇಳಿಸಿದರು, ಸಂಜೆಯೊಳಗೆ ವಾಪಸ್ ಬರಬೇಕಿತ್ತು. ಪೋರ್ಚುಗೀಸರು 1549ರಲ್ಲಿ ಕಟ್ಟಿದ ಊರು. 1763ರವರೆಗೆ ಬ್ರೆಜಿಲ್‌ಗೆ ಅದೇ ರಾಜಧಾನಿ. ಬಂದರು ಕೆಳಗೆ, ಹಳೇ ಊರು ಗುಡ್ಡದ ಮೇಲೆ. ನನ್ನ ಮಂಡಿ ನೋವಿಗೆ ಇದನ್ನು ಹತ್ತುವುದು ಹೇಗಪ್ಪಾ ಅಂದುಕೊಂಡರೆ, 1873ರಲ್ಲೇ ಶುರುವಾದ ಲಸೆರ್ಡಾ ಲಿಫ್ಟ್ ಅಲ್ಲಿದೆ. ಒಳಗೆ ಹೋಗಿ ಸೆರಗು ಸರಿ ಮಾಡಿಕೊಳ್ಳುವಷ್ಟರಲ್ಲಿ ಮೇಲಿದ್ದೆವು.

ಮೇಲಿನ ಪೆಲೊರಿನ್ಯೊ ಬಡಾವಣೆ 1985ರಲ್ಲಿ, ನಮ್ಮ ಹಂಪಿಗಿಂತ ಒಂದು ವರ್ಷ ಮೊದಲು, ಯುನೆಸ್ಕೊ ಪಟ್ಟಿಗೆ ಸೇರಿದೆ. ಬಣ್ಣಬಣ್ಣದ ಮನೆಗಳು, ಕಲ್ಲು ಹಾಸಿದ ಇಳಿಜಾರು. ಹಿಂದೆ ಗುಲಾಮರನ್ನು ಕಂಬಕ್ಕೆ ಕಟ್ಟಿ ಹೊಡೆಯುತ್ತಿದ್ದುದು ಇಲ್ಲೇ. ಚಿನ್ನದ ರೇಕಿನ ಕೆಲಸಕ್ಕೆ ಹೆಸರಾದ ಸಾವೊ ಫ್ರಾನ್ಸಿಸ್ಕೊ ಚರ್ಚ್ ನೋಡುವ ಆಸೆಯಿತ್ತು, ಬಾಗಿಲು ಹಾಕಿತ್ತು. 2025ರ ಫೆಬ್ರವರಿಯಲ್ಲಿ ಅದರ ಚಾವಣಿ ಕುಸಿದು ಪ್ರವಾಸಿಯೊಬ್ಬರು ತೀರಿಕೊಂಡಿದ್ದರು. ಅಲ್ಲೂ ಎಲ್ಲ ಸರಿಯಿದೆ ಅಂತ ನಾನೇನೂ ಹೇಳುತ್ತಿಲ್ಲ.

ನಾನು ಹೇಳಬೇಕಾದ್ದು ರಸ್ತೆ ತಿರುವಿನಲ್ಲಿ ಕೂತಿದ್ದ ಹೆಂಗಸಿನ ವಿಷಯ. ನನ್ನ ವಾರಿಗೆಯವರೇ ಇರಬೇಕು. ಬಿಳಿ ಲೇಸಿನ ಅಗಲವಾದ ಲಂಗ, ತಲೆಗೆ ಬಿಳಿ ಬಟ್ಟೆ, ಕೊರಳ ತುಂಬ ಮಣಿಸರ. ಅಲಸಂದೆ ಕಾಳು ನೆನೆಸಿ, ಸಿಪ್ಪೆ ತೆಗೆದು, ರುಬ್ಬಿ, ಈರುಳ್ಳಿ ಸೇರಿಸಿದ ಹಿಟ್ಟು. ಅದನ್ನು ಮರದ ಸೌಟಿನಲ್ಲಿ ಚೆನ್ನಾಗಿ ಬಡಿದು ಬಡಿದು, ಕೆಂಪು ತಾಳೆ ಎಣ್ಣೆಗೆ ಬಿಡುತ್ತಿದ್ದರು. ಹೆಸರು ಅಕರಜೆ. ನೋಡಲು ದಪ್ಪ ಬೋಂಡಾ ಥರ. ಸೀಳಿ ಒಳಗೆ ಸೀಗಡಿ ತುಂಬುತ್ತಾರೆ. ನಾನು ಸೀಗಡಿ ಬೇಡ ಅಂತ ಕೈ ಆಡಿಸಿದೆ. ಖಾರ ತೋರಿಸಿ ಬೇಕಾ ಅಂದರು. ದಾವಣಗೆರೆಯವಳನ್ನು ಕೇಳೋ ಮಾತಾ? ಎರಡು ಚಮಚ ಹಾಕಿಸಿಕೊಂಡೆ. ಸುತ್ತ ನಿಂತವರು ನಕ್ಕರು.

ಆಫ್ರಿಕಾದಿಂದ ಗುಲಾಮರಾಗಿ ತಂದ ಹೆಂಗಸರು ಬೀದಿಯಲ್ಲಿ ಮಾರಿ ಉಳಿಸಿಕೊಂಡ ತಿಂಡಿ ಅದು. ಗುಲಾಮಗಿರಿ ಅಲ್ಲಿ ನಿಂತಿದ್ದು 1888ರಲ್ಲಿ. 2005ರಲ್ಲಿ ಬ್ರೆಜಿಲ್ ಸರ್ಕಾರ ಈ ಹೆಂಗಸರ ಕಸುಬನ್ನೇ ದೇಶದ ಪರಂಪರೆ ಎಂದು ದಾಖಲು ಮಾಡಿತು. ತಿಂಡಿಯನ್ನಷ್ಟೇ ಅಲ್ಲ, ಕಸುಬನ್ನು. 2014ರ ಫುಟ್‌ಬಾಲ್ ವಿಶ್ವಕಪ್ ಹೊತ್ತಿಗೆ ಇವರನ್ನು ಕ್ರೀಡಾಂಗಣದಿಂದ ದೂರ ಇಡುವ ಮಾತು ಬಂದಾಗ ಹೋರಾಡಿ ಜಾಗ ಗಿಟ್ಟಿಸಿಕೊಂಡರು.

ನಮ್ಮಲ್ಲಿ? ಯಾರೋ ದೊಡ್ಡವರು ಊರಿಗೆ ಬರುತ್ತಾರೆ ಅಂದರೆ ಗಾಡಿ ಎತ್ತು ಅಂತಾರೆ. ಕಾದ ಬಾಣಲೆ ಸಮೇತ ಗಾಡಿ ತಳ್ಳಿಕೊಂಡು ಗಲ್ಲಿ ಸೇರಿದ ಗಂಡ-ಹೆಂಡತಿಯನ್ನು ಕಣ್ಣಾರೆ ಕಂಡಿದ್ದೇನೆ. ಗಾಡಿಯವರ ತಪ್ಪೂ ಇದೆ. ಎಣ್ಣೆ ಕಪ್ಪಗಾದರೂ ಬದಲಿಸುವುದಿಲ್ಲ, ತಿಂದ ಕಾಗದ ಚರಂಡಿಗೆ ಹೋಗುತ್ತದೆ. ಅದಕ್ಕೆ ಕಸದ ಬುಟ್ಟಿ, ನೀರಿನ ನಲ್ಲಿ ಕೊಟ್ಟು, ಆಮೇಲೆ ದಂಡ ಹಾಕಲಿ. ಎಬ್ಬಿಸುವುದೇಕೆ?

ಕಾನೂನು ಹೊಸದಾಗಿ ಮಾಡಬೇಕಿಲ್ಲ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯಲ್ಲೇ ಇದೆ. 50 ವರ್ಷಕ್ಕೂ ಜಾಸ್ತಿ ಕಾಲದಿಂದ ವ್ಯಾಪಾರ ನಡೆದ ಜಾಗವನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿನವರನ್ನು ಬೇರೆ ಕಡೆ ಸಾಗಹಾಕಬಾರದು. ನಮ್ಮ ಹಳೇ ಊರಿನಲ್ಲಿ ಅಜ್ಜನ ಕಾಲದಿಂದ ಮೆಣಸಿನಕಾಯಿ ಕರಿಯುವ ಮೂಲೆಗಳಿಲ್ಲವಾ? ಮೊದಲು ಅವುಗಳ ಪಟ್ಟಿ ಮಾಡಲಿ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ರಷ್ಟಾದರೂ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಬೇಕು ಎಂದೂ ಕಾಯ್ದೆ ಹೇಳುತ್ತದೆ. ನಮ್ಮೂರಿನ ಸಮಿತಿಯಲ್ಲಿ ಯಾರು ಯಾರಿದ್ದಾರೆ, ಕೊನೆಯ ಸಭೆ ಯಾವಾಗ ನಡೆಯಿತು ಎಂಬುದನ್ನು ನಿಮ್ಮ ವರದಿಗಾರರು ವಿಚಾರಿಸಿ ಬರೆದರೆ ಉಪಕಾರವಾಗುತ್ತದೆ.

– ನಿವೃತ್ತ ಶಾಲಾ ಶಿಕ್ಷಕಿ, ದಾವಣಗೆರೆ