ಪಾಲಿಕೆಯಿಂದ ವಿಧಾನಸೌಧಕ್ಕೆ ಹೋಗುವ ದಾರಿ ಮುಚ್ಚದಿರಲಿ

ಮಾನ್ಯ ಸಂಪಾದಕರೇ,

ಹೊಸ ಸಚಿವರು ಪ್ರಮಾಣವಚನ ಸ್ವೀಕರಿಸಿದ ಮರುದಿನ ಪತ್ರಿಕೆಗಳಲ್ಲಿ ಅವರ ಕಿರುಪರಿಚಯ ಅಚ್ಚಾಗುತ್ತದೆ. ಹುಟ್ಟೂರು, ಓದು, ಜಾತಿ, ಎಷ್ಟು ಬಾರಿ ಶಾಸಕರಾದರು, ಯಾವ ನಾಯಕರಿಗೆ ಆಪ್ತರು ಎಂಬುದೆಲ್ಲ ವಿವರವಾಗಿರುತ್ತದೆ. ಒಂದು ಕಾಲದಲ್ಲಿ ಅವರು ಪುರಸಭೆಯಲ್ಲೋ ಪಾಲಿಕೆಯಲ್ಲೋ ಸದಸ್ಯರಾಗಿದ್ದರೆ ಆ ಸಂಗತಿ ಮಾತ್ರ ಅರ್ಧ ಸಾಲಿನಲ್ಲಿ ಮುಗಿದುಹೋಗುತ್ತದೆ. ಸಚಿವರೊಬ್ಬರ ಬಗ್ಗೆ ಮತದಾರರು ಮೊದಲು ತಿಳಿಯಬೇಕಾದದ್ದು ಆ ಅರ್ಧ ಸಾಲಿನ ಹಿಂದಿರುವ ವರ್ಷಗಳನ್ನು ಎಂದು ನಾನು ನಂಬಿದ್ದೇನೆ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾಯಿತ ಸದಸ್ಯರೇ ಇಲ್ಲದಿರುವುದರಿಂದ ಆದ ನಷ್ಟವನ್ನು ಈ ದೃಷ್ಟಿಯಿಂದಲೂ ನೋಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಬಿ.ಎಸ್. ಯಡಿಯೂರಪ್ಪ 1975ರಲ್ಲಿ ಶಿಕಾರಿಪುರ ಪುರಸಭೆಗೆ ಆಯ್ಕೆಯಾಗಿ, 1977ರಲ್ಲಿ ಅದರ ಅಧ್ಯಕ್ಷರಾದರು; ವಿಧಾನಸಭೆಗೆ ಬಂದದ್ದು 1983ರಲ್ಲಿ. ಸಿದ್ದರಾಮಯ್ಯ 1978ರಲ್ಲಿ ಮೈಸೂರು ತಾಲ್ಲೂಕು ಅಭಿವೃದ್ಧಿ ಮಂಡಳಿಯ ಸದಸ್ಯರಾಗಿ ಆರಂಭಿಸಿ, ಅದೇ 1983ರಲ್ಲಿ ಚಾಮುಂಡೇಶ್ವರಿ ಕ್ಷೇತ್ರದ ಶಾಸಕರಾದರು. ನಮ್ಮ ನಗರದ ಮಟ್ಟಿಗೆ ವಿ. ಸೋಮಣ್ಣ ಮತ್ತು ರಾಮಲಿಂಗಾ ರೆಡ್ಡಿ ಇಬ್ಬರೂ 1983ರಲ್ಲಿ ಬೆಂಗಳೂರು ಪಾಲಿಕೆಯ ಸದಸ್ಯರಾಗಿ ರಾಜಕೀಯಕ್ಕೆ ಬಂದವರು. ರೆಡ್ಡಿಯವರು 1989ರಲ್ಲಿ ಜಯನಗರದಿಂದ, ಸೋಮಣ್ಣನವರು 1994ರಲ್ಲಿ ಬಿನ್ನಿಪೇಟೆಯಿಂದ ವಿಧಾನಸಭೆ ತಲುಪಿದರು; ಒಬ್ಬರು ರಾಜ್ಯದಲ್ಲಿ ಹಲವು ಬಾರಿ ಸಚಿವರಾದರೆ, ಇನ್ನೊಬ್ಬರು 2024ರಲ್ಲಿ ಕೇಂದ್ರದ ರಾಜ್ಯ ಸಚಿವರಾದರು. ಇನ್ನೂ ಹಿಂದಕ್ಕೆ ಹೋದರೆ ಸೇಲಂ ಪುರಸಭೆಯ ಅಧ್ಯಕ್ಷರಾಗಿದ್ದ ರಾಜಾಜಿ, ಅಹಮದಾಬಾದಿನಲ್ಲಿ ಸರ್ದಾರ್ ಪಟೇಲ್, ಅಲಹಾಬಾದಿನಲ್ಲಿ ನೆಹರೂ ಕಾಣುತ್ತಾರೆ. ಈ ಹೆಸರುಗಳನ್ನು ಎತ್ತಿದ್ದು ಯಾರನ್ನೂ ಹೊಗಳಲಿಕ್ಕಲ್ಲ. ಇವರಲ್ಲಿ ಕೆಲವರ ರಾಜಕೀಯವನ್ನು ನಾನು ಒಪ್ಪುವವನೂ ಅಲ್ಲ. ಪಕ್ಷ, ಸಿದ್ಧಾಂತ, ಕಾಲ ಎಲ್ಲವೂ ಬೇರೆಯಾಗಿದ್ದವರು ಒಂದೇ ಬಾಗಿಲಿನಿಂದ ಒಳಗೆ ಬಂದರು ಎಂಬುದಷ್ಟೇ ನನಗೆ ಮುಖ್ಯ.

ಆ ಬಾಗಿಲಿನ ಒಳಗೆ ಅವರು ಕಲಿಯುವುದೇನು? ವಾರ್ಡಿನ ಸದಸ್ಯರಿಗೆ ತಮ್ಮ ಮತದಾರರಿಂದ ತಪ್ಪಿಸಿಕೊಳ್ಳುವ ಅವಕಾಶವಿರುವುದಿಲ್ಲ. ಕಸದ ಗಾಡಿ ಬಾರದಿದ್ದರೆ, ಬೀದಿದೀಪ ಕೆಟ್ಟರೆ, ರಾಜಕಾಲುವೆ ಉಕ್ಕಿ ಮನೆಯೊಳಗೆ ನೀರು ನುಗ್ಗಿದರೆ ಜನ ನೇರವಾಗಿ ಅವರ ಮನೆಯ ಮುಂದೆ ನಿಲ್ಲುತ್ತಾರೆ. ಆದರೆ ಕುಡಿಯುವ ನೀರು ಮತ್ತು ಒಳಚರಂಡಿ ಜಲಮಂಡಳಿಯದ್ದು, ವಿದ್ಯುತ್ ಬೆಸ್ಕಾಂನದ್ದು, ಬಡಾವಣೆ ಬಿಡಿಎಯದ್ದು. ಇವು ಯಾವುವೂ ಪಾಲಿಕೆಯ ಅಧೀನದಲ್ಲಿಲ್ಲ. ತಮ್ಮ ಮಾತು ಕೇಳಲೇಬೇಕೆಂಬ ಕಟ್ಟುಪಾಡಿಲ್ಲದ ಅಧಿಕಾರಿಗಳಿಂದ ಕೆಲಸ ಮಾಡಿಸುವುದನ್ನು ಕಾರ್ಪೊರೇಟರ್ ಆದವರು ದಿನವೂ ಅಭ್ಯಾಸ ಮಾಡುತ್ತಾರೆ. ಸ್ಥಾಯಿ ಸಮಿತಿಯಲ್ಲಿ ಕುಳಿತಾಗ ಒಂದು ಕಾಮಗಾರಿಯ ಅಂದಾಜು ಪಟ್ಟಿ ಹೇಗೆ ತಯಾರಾಗುತ್ತದೆ, ಟೆಂಡರ್ ಎಲ್ಲಿ ನಿಲ್ಲುತ್ತದೆ, ಬಜೆಟ್ಟಿನಲ್ಲಿ ಘೋಷಿಸಿದ ಹಣಕ್ಕೂ ಗುತ್ತಿಗೆದಾರರಿಗೆ ಪಾವತಿಯಾಗುವ ಹಣಕ್ಕೂ ಎಷ್ಟು ಅಂತರವಿರುತ್ತದೆ ಎಂಬುದು ಕಣ್ಣೆದುರೇ ಗೊತ್ತಾಗುತ್ತದೆ. ಪೌರಕಾರ್ಮಿಕರ ಹಾಜರಾತಿ ಮತ್ತು ವೇತನದ ಪ್ರಶ್ನೆ ಅವರಿಗೆ ಕಡತದಲ್ಲಿನ ವಿಷಯವಲ್ಲ, ಬೆಳಗ್ಗೆ ಮಾತಾಡಿಸಿದವರ ಬದುಕು. ಹೀಗೆ ಪಳಗಿ ಬಂದವರು ಮುಂದೆ ಸಚಿವರಾಗಿ ಪ್ರಗತಿ ಪರಿಶೀಲನಾ ಸಭೆಯಲ್ಲಿ ಕುಳಿತಾಗ, ಅಧಿಕಾರಿ ಓದಿ ಹೇಳುವ ಅಂಕಿಅಂಶದಲ್ಲಿ ಎಲ್ಲಿ ನೆಲದ ಸಂಗತಿ ಬಿಟ್ಟುಹೋಗಿದೆ ಎಂದು ಗುರುತಿಸಬಲ್ಲರು. ಈ ಸಾಮರ್ಥ್ಯ ನೇರವಾಗಿ ವಿಧಾನಸೌಧಕ್ಕೆ ಬಂದವರಿಗೆ ಸುಲಭವಾಗಿ ದಕ್ಕುವುದಿಲ್ಲ.

ಪಾಲಿಕೆಯೆಂದರೆ ಕಮಿಷನ್ ವ್ಯವಹಾರ, ಗುತ್ತಿಗೆದಾರರ ಕೂಟ, ಅಲ್ಲಿ ಕಲಿಯುವುದು ಇದನ್ನೇ ಎಂದು ಅನೇಕರು ಹೇಳುತ್ತಾರೆ. ಆ ಮಾತಿನಲ್ಲಿ ಸತ್ಯವಿಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ಚುನಾಯಿತ ಸಭೆ ಇಲ್ಲದ ವರ್ಷಗಳಲ್ಲಿ ಕಾಮಗಾರಿಗಳು ನಿಂತಿಲ್ಲ, ಹಣ ಖರ್ಚಾಗುವುದೂ ನಿಂತಿಲ್ಲ. ಆ ಖರ್ಚಿನ ಬಗ್ಗೆ ಸಭೆಯಲ್ಲಿ ಎದ್ದುನಿಂತು ಕೇಳುವ ವಿರೋಧ ಪಕ್ಷದ ಸದಸ್ಯರು ಮಾತ್ರ ಇಲ್ಲವಾದರು. ತಪ್ಪು ಮಾಡಿದ ಕಾರ್ಪೊರೇಟರನ್ನು ಐದು ವರ್ಷಕ್ಕೊಮ್ಮೆ ಮನೆಗೆ ಕಳುಹಿಸಬಹುದು. ಸಭೆಯ ಬದಲಿಗೆ ಸರ್ಕಾರ ನೇಮಿಸುವ ಆಡಳಿತಾಧಿಕಾರಿಯನ್ನು ಮತದಾರ ಏನೂ ಮಾಡಲಾರ.

ಸಂವಿಧಾನ ಈ ವಿಷಯದಲ್ಲಿ ಸಂದಿಗ್ಧಕ್ಕೆ ಎಡೆಯನ್ನೇ ಇಟ್ಟಿಲ್ಲ. 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿಯ ಪ್ರಕಾರ ನಗರ ಸ್ಥಳೀಯ ಸಂಸ್ಥೆಯ ಅವಧಿ ಐದು ವರ್ಷ. ಆ ಅವಧಿ ಮುಗಿಯುವ ಮುನ್ನವೇ ಚುನಾವಣೆ ನಡೆದಿರಬೇಕು, ನಡುವೆ ವಿಸರ್ಜನೆಯಾದರೆ ಆರು ತಿಂಗಳೊಳಗೆ ನಡೆಯಬೇಕು. ಹೀಗಿದ್ದೂ 2006ರ ಕೊನೆಯಿಂದ 2010ರವರೆಗೆ ನಗರದಲ್ಲಿ ಚುನಾಯಿತ ಪಾಲಿಕೆ ಇರಲಿಲ್ಲ. ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ 2007ರಲ್ಲಿ ಬಿಬಿಎಂಪಿ ರಚಿಸಿದ್ದು ಆಗಿನ ಕಾರಣ. 2020ರ ನಂತರ ವಾರ್ಡ್ ಮರುವಿಂಗಡಣೆ, ಮೀಸಲಾತಿ, ನ್ಯಾಯಾಲಯದ ವ್ಯಾಜ್ಯ, ಹೊಸ ಕಾಯ್ದೆ ಎಂದು ಕಾರಣಗಳು ಒಂದರ ಹಿಂದೊಂದು ಬಂದವು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗದಲ್ಲಿ ಐದು ಪಾಲಿಕೆಗಳು ಅಸ್ತಿತ್ವಕ್ಕೆ ಬಂದಾಗ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮೇಲಿತ್ತು, ಕೆಳಗೆ ಒಬ್ಬರೂ ಚುನಾಯಿತ ವಾರ್ಡ್ ಸದಸ್ಯರಿರಲಿಲ್ಲ. ಹಳ್ಳಿಗಾಡಿನ ಸ್ಥಿತಿಯೂ ಹೆಚ್ಚು ಭಿನ್ನವಲ್ಲ: 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದರೂ ಚುನಾವಣೆ ಮುಂದಕ್ಕೆ ಹೋಗುತ್ತಲೇ ಬಂತು.

ಈ ವಿಳಂಬದಿಂದ ಅತಿ ಹೆಚ್ಚು ಕಳೆದುಕೊಂಡವರು ಮಹಿಳೆಯರು. 2015ರ ಪಾಲಿಕೆ ಚುನಾವಣೆಯಲ್ಲಿ 198 ವಾರ್ಡ್‌ಗಳ ಅರ್ಧದಷ್ಟು ಮಹಿಳೆಯರಿಗೆ ಮೀಸಲಾಗಿತ್ತು. 2023ರಲ್ಲಿ 224 ಸ್ಥಾನಗಳ ವಿಧಾನಸಭೆಗೆ ಗೆದ್ದುಬಂದ ಮಹಿಳೆಯರು ಕೇವಲ ಹತ್ತು ಮಂದಿ. ಮನೆತನದ ಬಲವಿಲ್ಲದ, ಹಣದ ಚೀಲವಿಲ್ಲದ ಹೆಣ್ಣುಮಗಳಿಗೆ, ಹಾಗೆಯೇ ಕೊಳೆಗೇರಿಯಲ್ಲಿ ಸಂಘಟನೆ ಕಟ್ಟಿದ ಯುವಕನಿಗೆ, ಶಾಸಕ ಸ್ಥಾನದ ಟಿಕೆಟ್ ಕೇಳುವ ಮುನ್ನ ತನ್ನನ್ನು ತಾನು ರುಜುವಾತುಪಡಿಸಿಕೊಳ್ಳಲು ವಾರ್ಡ್ ಬಿಟ್ಟರೆ ಬೇರೆ ಜಾಗವಿಲ್ಲ. ಆ ಅವಕಾಶ ತಪ್ಪಿದರೆ ಪಕ್ಷಗಳಿಗೆ ಉಳಿಯುವ ಆಯ್ಕೆ ನಾಯಕರ ಮಕ್ಕಳು ಮತ್ತು ಉದ್ಯಮಿಗಳು. 2020ರಲ್ಲಿ ಮೂವತ್ತು ವರ್ಷದವರಾಗಿದ್ದ ಕಾರ್ಯಕರ್ತರು ತಮ್ಮ ದುಡಿಮೆಯ ಉತ್ತಮ ವರ್ಷಗಳನ್ನು ಶಾಸಕರ ಹಿಂದೆ ಬಾವುಟ ಹಿಡಿದು ನಿಲ್ಲುವುದರಲ್ಲೇ ಕಳೆದಿದ್ದಾರೆ.

ಶಾಸಕರಿಗೆ ಈ ಸ್ಥಿತಿ ಅಷ್ಟೇನೂ ಅನನುಕೂಲವಲ್ಲ ಎಂಬುದನ್ನೂ ಹೇಳಲೇಬೇಕು. ಜನಪ್ರಿಯ ಕಾರ್ಪೊರೇಟರ್ ಎಂದರೆ ಮುಂದಿನ ಚುನಾವಣೆಯ ಸಂಭಾವ್ಯ ಸ್ಪರ್ಧಿ. ಅವರಿಲ್ಲದಿದ್ದರೆ ವಾರ್ಡಿನ ಗುದ್ದಲಿಪೂಜೆಯೂ ಶಾಸಕರದ್ದೇ. ಚುನಾವಣೆ ಬೇಗ ನಡೆಯಲಿ ಎಂದು ಎಲ್ಲ ಪಕ್ಷಗಳ ಮುಖಂಡರೂ ಬಾಯಲ್ಲಿ ಹೇಳುತ್ತಾರೆ. ಅಧಿಕಾರದಲ್ಲಿದ್ದಾಗ ಅದಕ್ಕಾಗಿ ಆತುರ ತೋರಿದವರನ್ನು ನಾನು ಕಂಡಿಲ್ಲ.

ಪತ್ರಿಕೆಯಲ್ಲಿ ನನ್ನದೊಂದು ಕೋರಿಕೆ. ಸಚಿವರ ಪರಿಚಯ ಬರೆಯುವಾಗ, ಅವರು ಸ್ಥಳೀಯ ಸಂಸ್ಥೆಯಲ್ಲಿದ್ದ ಅವಧಿಯ ನಡಾವಳಿಗಳನ್ನು ತೆಗೆಸಿ, ಯಾವ ಸ್ಥಾಯಿ ಸಮಿತಿಯಲ್ಲಿದ್ದರು, ಸಭೆಯಲ್ಲಿ ಯಾವ ವಿಷಯ ಎತ್ತಿದರು, ವಾರ್ಡಿನ ಅನುದಾನವನ್ನು ಯಾವುದಕ್ಕೆ ಬಳಸಿದರು ಎಂಬುದನ್ನು ಓದುಗರ ಮುಂದಿಡಿ. ಐದೂ ಪಾಲಿಕೆಗಳ ಚುನಾವಣೆಗೆ ಪಕ್ಷಗಳು ಟಿಕೆಟ್ ಹಂಚುವಾಗ, ಪ್ರತಿ ವಾರ್ಡಿನ ಅಭ್ಯರ್ಥಿ ಅಲ್ಲಿನ ಶಾಸಕರ ಅಥವಾ ಸಚಿವರ ಸಂಬಂಧಿಯೇ ಎಂಬ ವಿವರವನ್ನೂ ಅವರ ಆಸ್ತಿಯ ವಿವರದ ಪಕ್ಕದಲ್ಲೇ ಪ್ರಕಟಿಸಿ.

ಇಂತಿ,
ಪತ್ರಿಕೆಯ ಓದುಗ
ಬಸವನಗುಡಿ, ಬೆಂಗಳೂರು